58ಕ್ಕೆ ನಿವೃತ್ತಿ: 60 ಲಕ್ಷದ ಇಡುಗಂಟನ್ನು ಎಲ್ಲಿಡಬೇಕು, ತೆರಿಗೆ ಎಷ್ಟು ಬೀಳುತ್ತದೆ?

ಪ್ರಶ್ನೆ: ಮೈಸೂರಿನ ಉದ್ಯೋಗಿ (ನವೆಂಬರ್ 2025)

ಎಲ್ಲರಿಗೂ ನಮಸ್ಕಾರ. ಮೈಸೂರಿನ ಖಾಸಗಿ ಕಾರ್ಖಾನೆಯೊಂದರ ಖರೀದಿ ವಿಭಾಗದಲ್ಲಿ 32 ವರ್ಷ ದುಡಿದು, ಬರುವ ಡಿಸೆಂಬರ್ 31ಕ್ಕೆ 58 ತುಂಬುವುದರಿಂದ ನಿವೃತ್ತನಾಗುತ್ತಿದ್ದೇನೆ. ಪಿಎಫ್ ಖಾತೆಯಲ್ಲಿ ಸುಮಾರು 46 ಲಕ್ಷ ರೂಪಾಯಿ ಇದೆ. ಮೂಲ ವೇತನ ಮತ್ತು ತುಟ್ಟಿಭತ್ಯೆ ಸೇರಿ 62,000 ರೂಪಾಯಿ ಇರುವುದರಿಂದ ಗ್ರಾಚ್ಯುಟಿ ಹನ್ನೊಂದೂವರೆ ಲಕ್ಷಕ್ಕೆ ತುಸು ಕಡಿಮೆ ಬರುತ್ತದೆಂದು ಲೆಕ್ಕಪತ್ರ ವಿಭಾಗದವರು ಹೇಳಿದ್ದಾರೆ. ಉಳಿದ ರಜೆಯ ಹಣ 2.6 ಲಕ್ಷ. ಒಟ್ಟಿನಲ್ಲಿ 60 ಲಕ್ಷ ಎಂದಿಟ್ಟುಕೊಳ್ಳಬಹುದು. ಇಪಿಎಸ್ (ಪಿಎಫ್ ಜೊತೆಗಿರುವ ನೌಕರರ ಪಿಂಚಣಿ ಯೋಜನೆ) ಪಿಂಚಣಿ ತಿಂಗಳಿಗೆ 4,400 ರೂಪಾಯಿಯ ಆಸುಪಾಸಿನಲ್ಲಿ ಬರಬಹುದು. ಮನೆ ಸ್ವಂತದ್ದು, ಸಾಲವಿಲ್ಲ. ಮಹಡಿಯ ಮೇಲಿನ ಚಿಕ್ಕ ಮನೆಯಿಂದ ತಿಂಗಳಿಗೆ 9,000 ರೂಪಾಯಿ ಬಾಡಿಗೆ ಬರುತ್ತದೆ. ಪತ್ನಿ ಗೃಹಿಣಿ, ವಯಸ್ಸು 55. ನಮ್ಮಿಬ್ಬರ ಖರ್ಚು ಈಗ ತಿಂಗಳಿಗೆ 45,000 ರೂಪಾಯಿ.

ಸಲಹೆಗಳಿಗೆ ಬರವಿಲ್ಲ, ಆದರೆ ಒಂದಕ್ಕೊಂದು ತಾಳೆಯಾಗುವುದಿಲ್ಲ. ಬಡಾವಣೆಯ ಸೌಹಾರ್ದ ಸಹಕಾರಿಯವರು ಶೇ 10.5 ಬಡ್ಡಿ ಕೊಡುತ್ತೇವೆ ಎಂದು ಮನೆಗೇ ಬಂದು ಹೋಗಿದ್ದಾರೆ. ಪುಣೆಯಲ್ಲಿರುವ ಮಗ 40 ಲಕ್ಷವನ್ನು ಈಕ್ವಿಟಿ ಮ್ಯೂಚುವಲ್ ಫಂಡಿನಲ್ಲಿಟ್ಟು ಪ್ರತಿ ತಿಂಗಳೂ ಸ್ವಲ್ಪ ಸ್ವಲ್ಪ ಹಿಂಪಡೆಯಿರಿ ಎನ್ನುತ್ತಾನೆ. ಸಹೋದ್ಯೋಗಿಯೊಬ್ಬರ ಪ್ರಕಾರ ತೆರಿಗೆಯಿಂದ ತಪ್ಪಿಸಿಕೊಳ್ಳಲು ಅರ್ಧದಷ್ಟನ್ನು ಪತ್ನಿಯ ಹೆಸರಿಗೆ ಮಾಡಬೇಕು, ಪಿಎಫ್ ಹಣವನ್ನಂತೂ ತೆಗೆಯಲೇಬಾರದು. ನನಗಿರುವ ದೊಡ್ಡ ಭಯ ತೆರಿಗೆಯದ್ದೇ. ಬಡ್ಡಿಯಾಗಿ ಬಂದುದರಲ್ಲಿ ಎಷ್ಟು ಪಾಲು ಹೋಗುತ್ತದೆ ಎಂಬುದು ತಿಳಿಯದೆ ಯಾವ ನಿರ್ಧಾರವನ್ನೂ ಮಾಡಲಾಗುತ್ತಿಲ್ಲ. ತಿಳಿದವರು ದಯವಿಟ್ಟು ದಾರಿ ತೋರಿಸಬೇಕು.

ಉತ್ತರ 1: ನಿವೃತ್ತ ಬ್ಯಾಂಕ್ ಅಧಿಕಾರಿ, ಶಿವಮೊಗ್ಗ

ಮಾನ್ಯರೇ, ತಾವು ಅಂಕಿಗಳನ್ನು ಇಷ್ಟು ಸ್ಪಷ್ಟವಾಗಿ ಬರೆದಿರುವುದರಿಂದ ಉತ್ತರ ಸುಲಭವಾಯಿತು. ಮೊದಲಿಗೆ ಭಯದ ವಿಷಯ: ತಮ್ಮ ಸ್ಥಿತಿಯಲ್ಲಿ ತೆರಿಗೆ ಒಂದು ಸಮಸ್ಯೆಯೇ ಅಲ್ಲ. ಅದನ್ನು ತಪ್ಪಿಸಲು ಹೋಗಿ ಹಣವನ್ನು ಎಲ್ಲೆಲ್ಲೋ ಇಡುವುದೇ ನಿಜವಾದ ಅಪಾಯ.

ಕೈಗೆ ಬರುವ ಇಡುಗಂಟಿಗೆ ತೆರಿಗೆಯಿಲ್ಲ. ಐದು ವರ್ಷಕ್ಕೂ ಮೀರಿದ ನಿರಂತರ ಸೇವೆಯ ನಂತರ ಪಡೆಯುವ ಪಿಎಫ್ ತೆರಿಗೆಮುಕ್ತ. ಖಾಸಗಿ ನೌಕರರಿಗೆ ಗ್ರಾಚ್ಯುಟಿ 20 ಲಕ್ಷದವರೆಗೆ ಮುಕ್ತ. ನಿವೃತ್ತಿಯ ವೇಳೆಯ ರಜೆ ನಗದೀಕರಣದ ಮಿತಿ 2023ರ ಏಪ್ರಿಲ್‌ನಿಂದ 25 ಲಕ್ಷ, ಅದರೊಳಗೂ ಹತ್ತು ತಿಂಗಳ ಸರಾಸರಿ ವೇತನದಂಥ ಕೆಲವು ಅಳತೆಗಳಿವೆಯಾದರೂ ತಮ್ಮ 2.6 ಲಕ್ಷ ಅವುಗಳಿಗಿಂತ ಬಹಳ ಕೆಳಗಿದೆ.

ಇನ್ನು ಎಲ್ಲಿಡಬೇಕೆಂಬುದು. ನಾನಾಗಿದ್ದರೆ ಮೊದಲ 30 ಲಕ್ಷವನ್ನು ಹಿರಿಯ ನಾಗರಿಕರ ಉಳಿತಾಯ ಯೋಜನೆಗೆ ಹಾಕುತ್ತಿದ್ದೆ. ಈಗಿನ ಬಡ್ಡಿ ಶೇ 8.2, ಖಾತೆ ತೆರೆದ ದಿನದ ದರ ಐದು ವರ್ಷ ಬದಲಾಗುವುದಿಲ್ಲ, ಮೂರು ತಿಂಗಳಿಗೊಮ್ಮೆ 61,500 ರೂಪಾಯಿ ಕೈಸೇರುತ್ತದೆ. ಯೋಜನೆಯ ಸಾಮಾನ್ಯ ವಯೋಮಿತಿ 60 ಆದರೂ, 55 ದಾಟಿ ನಿವೃತ್ತರಾದವರು ನಿವೃತ್ತಿ ಹಣ ಕೈಗೆ ಬಂದ ಮೂರು ತಿಂಗಳೊಳಗೆ, ಆ ಹಣದ ಮೊತ್ತವನ್ನು ಮೀರದಂತೆ ಹೂಡಬಹುದು. ಈ ಮೂರು ತಿಂಗಳ ಗಡುವು ತಪ್ಪಿದರೆ ತಾವು 60 ತುಂಬುವವರೆಗೆ ಕಾಯಬೇಕಾಗುತ್ತದೆ. ಆದ್ದರಿಂದ ನಿವೃತ್ತಿಯ ಆದೇಶ, ಯಾವ ಬಾಬಿನಲ್ಲಿ ಎಷ್ಟು ಹಣ ಯಾವ ದಿನ ಸಂದಾಯವಾಯಿತೆಂಬ ಕಂಪನಿಯ ಪತ್ರ, ಇವೆರಡನ್ನೂ ಕೊನೆಯ ದಿನವೇ ಸಹಿ ಮೊಹರಿನೊಡನೆ ಕೇಳಿ ಪಡೆಯಿರಿ. ನಾನು ಕೌಂಟರಿನಲ್ಲಿದ್ದಾಗ ಈ ಒಂದು ಪತ್ರವಿಲ್ಲದೆ ಎರಡೆರಡು ಬಾರಿ ಅಲೆದವರನ್ನು ನೋಡಿದ್ದೇನೆ.

ಮುಂದಿನ 15 ಲಕ್ಷ ಅಂಚೆ ಕಚೇರಿಯ ಮಾಸಿಕ ಆದಾಯ ಯೋಜನೆಗೆ, ಪತ್ನಿಯೊಡನೆ ಜಂಟಿಯಾಗಿ. ಒಬ್ಬರ ಖಾತೆಗೆ ಮಿತಿ 9 ಲಕ್ಷ, ಜಂಟಿಗೆ 15 ಲಕ್ಷ. ಶೇ 7.4ರಂತೆ ತಿಂಗಳಿಗೆ 9,250 ರೂಪಾಯಿ ಬರುತ್ತದೆ. ಇವೆರಡಕ್ಕೆ ಪಿಂಚಣಿ ಮತ್ತು ಬಾಡಿಗೆಯನ್ನು ಕೂಡಿಸಿದರೆ ತಿಂಗಳಿಗೆ 43,150 ರೂಪಾಯಿ. ತಮ್ಮ ಖರ್ಚಿಗೆ ಎರಡು ಸಾವಿರದಷ್ಟು ಮಾತ್ರ ಕೊರತೆ. ಐದು ಲಕ್ಷವನ್ನು ಆಪತ್ತಿಗೆಂದು ಬ್ಯಾಂಕಿನ ನಿಶ್ಚಿತ ಠೇವಣಿಯಲ್ಲಿಡಿ. ಆ ಕೊರತೆಯೂ ಅದರ ಬಡ್ಡಿಯಿಂದಲೇ ತುಂಬುತ್ತದೆ.

ಉಳಿದ 10 ಲಕ್ಷದ ವಿಷಯದಲ್ಲಿ ತಮ್ಮ ಮಗ ಹೇಳುವುದರಲ್ಲಿ ಅರ್ಧ ಸತ್ಯವಿದೆ. ಮೇಲಿನ ಆದಾಯವೆಲ್ಲ ಕಲ್ಲಿನಲ್ಲಿ ಕೆತ್ತಿದಂತೆ ನಿಂತಲ್ಲೇ ನಿಂತಿರುತ್ತದೆ, ಬೆಲೆಗಳು ನಿಲ್ಲುವುದಿಲ್ಲ. ವರ್ಷಕ್ಕೆ ಶೇ 6ರಂತೆ ಖರ್ಚು ಏರಿದರೆ ಇಂದಿನ 45,000 ತಮಗೆ 70 ತುಂಬುವಾಗ 90,000 ಆಗಿರುತ್ತದೆ. ಹಾಗಾಗಿ ಬೆಳೆಯುವ ಹಣವೂ ಸ್ವಲ್ಪ ಬೇಕು, ಅದಕ್ಕೆ ಇಂಡೆಕ್ಸ್ ಫಂಡ್ (ಷೇರು ಸೂಚ್ಯಂಕವನ್ನೇ ಅನುಸರಿಸುವಂಥದ್ದು) ಅಥವಾ ಸಮತೋಲಿತ ಫಂಡ್ (ಷೇರು, ಸಾಲಪತ್ರ ಎರಡರಲ್ಲೂ ಹೂಡುವಂಥದ್ದು) ಸರಿ. ಆದರೆ ಅದು 10 ಲಕ್ಷವಾಗಿರಲಿ, 40 ಆಗುವುದು ಬೇಡ. ಮತ್ತು ಏಳೆಂಟು ವರ್ಷ ಅದರಿಂದ ಏನನ್ನೂ ತೆಗೆಯಬೇಡಿ. 2008ರ ಜನವರಿಯಲ್ಲಿ 21,000 ಮುಟ್ಟಿದ್ದ ಸೆನ್ಸೆಕ್ಸ್ ಅದೇ ಅಕ್ಟೋಬರ್‌ನಲ್ಲಿ 8,000ದ ಸನಿಹಕ್ಕೆ ಇಳಿದಿತ್ತು. ಅಂಥ ವರ್ಷದಲ್ಲಿ ನಿವೃತ್ತರಾಗಿ, ಮನೆಖರ್ಚಿಗಾಗಿ ಪ್ರತಿ ತಿಂಗಳೂ ಯೂನಿಟ್ ಮಾರುತ್ತ ಹೋದವರ ಗಂಟು, ಮಾರುಕಟ್ಟೆ ಮತ್ತೆ ಏರುವ ಹೊತ್ತಿಗೆ ಏರಲು ಉಳಿದಿರುವುದಿಲ್ಲ. ದುಡಿಯುವ ವಯಸ್ಸಿನ ಮಗನಿಗೆ ಇದು ಪುಸ್ತಕದ ಮಾತು. ತಮಗೆ ತಿಂಗಳ ದಿನಸಿಯ ಮಾತು.

ಪಿಎಫ್ ತೆಗೆಯಬಾರದೆಂಬ ಸಲಹೆಯೂ ಹಳೆಯದು. ಕೆಲಸ ಬಿಟ್ಟ ನಂತರದ ಅವಧಿಗೆ ಜಮೆಯಾಗುವ ಬಡ್ಡಿ ತೆರಿಗೆಗೆ ಒಳಪಡುತ್ತದೆ, ಮೂರು ವರ್ಷದ ಬಳಿಕ ಖಾತೆಗೆ ಬಡ್ಡಿಯೇ ನಿಲ್ಲುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಆ ಹಣ ಹೊರಗೆ ಬಾರದೆ 30 ಲಕ್ಷದ ಖಾತೆ ತೆರೆಯುವುದಾದರೂ ಹೇಗೆ?

ಉತ್ತರ 2: ತೆರಿಗೆ ಸಲಹೆಗಾರ, ಹುಬ್ಬಳ್ಳಿ

ಶಿವಮೊಗ್ಗದ ಹಿರಿಯರ ಹಂಚಿಕೆಯನ್ನೇ ಹಿಡಿದು ತೆರಿಗೆಯ ಲೆಕ್ಕ ಹಾಕುತ್ತೇನೆ. ಪೂರ್ತಿ ಒಂದು ವರ್ಷಕ್ಕೆ ಹಿರಿಯ ನಾಗರಿಕರ ಯೋಜನೆಯಿಂದ 2,46,000, ಮಾಸಿಕ ಆದಾಯ ಯೋಜನೆಯಿಂದ 1,11,000, ಐದು ಲಕ್ಷದ ಠೇವಣಿಗೆ ಶೇ 6.5 ಎಂದರೆ 32,500. ಬಾಡಿಗೆ 1,08,000ದಲ್ಲಿ ಶೇ 30 ಕಳೆದು 75,600. ಪಿಂಚಣಿ 52,800 ವೇತನದ ಶೀರ್ಷಿಕೆಯಡಿ ಬರುತ್ತದೆ. ಹೊಸ ತೆರಿಗೆ ಪದ್ಧತಿಯಲ್ಲಿ 75,000ದವರೆಗೆ ಪ್ರಮಾಣಿತ ಕಡಿತವಿರುವುದರಿಂದ ಅದು ಪೂರ್ತಿ ಅಳಿದುಹೋಗುತ್ತದೆ. ಆದರೆ ಮಿಕ್ಕ 22,200ನ್ನು ಬಡ್ಡಿಯಿಂದ ಕಳೆಯಲು ಬರುವುದಿಲ್ಲ, ಈ ತಪ್ಪನ್ನು ಬಹಳ ಜನ ಮಾಡುತ್ತಾರೆ. ತೆರಿಗೆಗೆ ಒಳಪಡುವ ಮೊತ್ತ 4,65,100. ಹೊಸ ಪದ್ಧತಿಯಲ್ಲಿ 12 ಲಕ್ಷದವರೆಗೆ ರಿಯಾಯಿತಿ ಇರುವ ಕಾರಣ ಕಟ್ಟಬೇಕಾದ ತೆರಿಗೆ ಸೊನ್ನೆ. ನಿವೃತ್ತಿಯಾಗುವ 2025-26ರಲ್ಲೂ ಒಂಬತ್ತು ತಿಂಗಳ ವೇತನ ಸೇರಿ ತಾವು ಆ ಗೆರೆಯ ಕೆಳಗೇ ಇರುತ್ತೀರಿ ಎಂದು ತೋರುತ್ತದೆ.

ಹಾಗಾದರೆ ಪತ್ನಿಯ ಹೆಸರಿಗೆ ವರ್ಗಾಯಿಸುವುದರಿಂದ ಬರುವ ಲಾಭವೇನು? ತೆರಿಗೆಯಲ್ಲಿ ಏನೂ ಇಲ್ಲ. ಸೊನ್ನೆಯನ್ನು ಎರಡು ಭಾಗ ಮಾಡಿದಂತಾಗುತ್ತದೆ. ಮೇಲಾಗಿ ಪತಿ ಪತ್ನಿಗೆ ಕೊಟ್ಟ ಹಣದಿಂದ ಹುಟ್ಟುವ ಬಡ್ಡಿಯನ್ನು ಕಾನೂನು ಪತಿಯ ಆದಾಯಕ್ಕೇ ಸೇರಿಸುತ್ತದೆ. ಆ ಬಡ್ಡಿಯನ್ನು ಪತ್ನಿ ಮರುಹೂಡಿಕೆ ಮಾಡಿದಾಗ ಬರುವ ಆದಾಯ ಮಾತ್ರ ಆಕೆಯದಾಗುತ್ತದೆ. ಪತ್ನಿಯ ಕೈಯಲ್ಲಿ ಸ್ವಂತ ಹಣವಿರಬೇಕೆಂಬುದು ಬೇರೆ ಮಾತು. ಅದು ಒಳ್ಳೆಯದೇ, ಆದರೆ ತೆರಿಗೆಯ ಹೆಸರಿನಲ್ಲಿ ಬೇಡ.

ಒಂದು ವಿಷಯದಲ್ಲಿ ಮಾತ್ರ ತಾವು ಎಚ್ಚರ ವಹಿಸಬೇಕು. ಹಿರಿಯ ನಾಗರಿಕರ ಯೋಜನೆಯಲ್ಲಿ ಖಾತೆ ಇದ್ದ ಮಾತ್ರಕ್ಕೆ ಆದಾಯ ತೆರಿಗೆ ಕಾನೂನಿನ ಕಣ್ಣಿನಲ್ಲಿ ತಾವು ಹಿರಿಯ ನಾಗರಿಕರಾಗುವುದಿಲ್ಲ. ಅದಕ್ಕೆ 60 ತುಂಬಲೇಬೇಕು. ಆದ್ದರಿಂದ ಬಡ್ಡಿಯಲ್ಲಿ ತೆರಿಗೆ ಹಿಡಿಯಬೇಡಿ ಎಂದು ಹಿರಿಯರು ಕೊಡುವ 15ಎಚ್ ಘೋಷಣೆಯ ನಮೂನೆ ಇನ್ನೆರಡು ವರ್ಷ ತಮಗೆ ಅನ್ವಯಿಸುವುದಿಲ್ಲ. ಬಡ್ಡಿಯ ಮೇಲಿನ ಟಿಡಿಎಸ್ (ಹಣ ಕೊಡುವಾಗಲೇ ಮುಂಗಡವಾಗಿ ಹಿಡಿಯುವ ತೆರಿಗೆ) ಮಿತಿಯೂ ಹಿರಿಯರಿಗಿರುವ ಒಂದು ಲಕ್ಷವಲ್ಲ, 50,000 ಮಾತ್ರ. ತಮಗೆ ಉಳಿಯುವುದು 60ರೊಳಗಿನವರು ಕೊಡುವ ಅಂಥದೇ ಘೋಷಣೆಯಾದ 15ಜಿ. ಅದಕ್ಕೆ ಎರಡು ಷರತ್ತುಗಳಿವೆ: ಅಂದಾಜು ತೆರಿಗೆ ಸೊನ್ನೆಯಾಗಿರಬೇಕು, ಜೊತೆಗೆ ಬಡ್ಡಿಯಂಥ ಆದಾಯಗಳ ಒಟ್ಟು ಮೊತ್ತ ಮೂಲ ವಿನಾಯಿತಿ ಮಿತಿಯಾದ 4 ಲಕ್ಷವನ್ನು ಮೀರಿರಬಾರದು. 12 ಲಕ್ಷದ ರಿಯಾಯಿತಿ ಮೊದಲ ಷರತ್ತಿಗೆ ನೆರವಾಗುತ್ತದೆ, ಎರಡನೆಯದಕ್ಕೆ ಆಗುವುದಿಲ್ಲ. ತಮ್ಮ ಬಡ್ಡಿಯೇ 3,89,500 ಆಗುತ್ತಿದೆ. ಇಷ್ಟು ಅಂಚಿನಲ್ಲಿ ನಿಂತು ಘೋಷಣೆಗೆ ಸಹಿ ಹಾಕುವುದಕ್ಕಿಂತ, ಅಂಚೆಯವರು ಶೇ 10ರಂತೆ 24,600 ರೂಪಾಯಿ ಹಿಡಿಯುವುದಿದ್ದರೆ ಹಿಡಿಯಲಿ, ರಿಟರ್ನ್ಸ್ ಸಲ್ಲಿಸಿ ಮರಳಿ ಪಡೆಯಿರಿ ಎಂಬುದು ನನ್ನ ಸಲಹೆ. ತಪ್ಪು ಘೋಷಣೆ ಶಿಕ್ಷಾರ್ಹ. ಹಿಡಿದ ತೆರಿಗೆ ಕೆಲವು ತಿಂಗಳು ತಡವಾಗಿಯಾದರೂ ವಾಪಸು ಬರುತ್ತದೆ. 2026ರ ಏಪ್ರಿಲ್ 1ರಿಂದ ಹೊಸ ಆದಾಯ ತೆರಿಗೆ ಕಾಯ್ದೆ ಜಾರಿಗೆ ಬರುವುದರಿಂದ, ಮುಂದಿನ ವರ್ಷ ಸೆಕ್ಷನ್ ಮತ್ತು ನಮೂನೆಗಳ ಸಂಖ್ಯೆಯನ್ನು ಆಗಿನ ಪ್ರಕಟಣೆ ನೋಡಿಯೇ ಬರೆಯಿರಿ.

ಫಂಡಿನ ಬಗ್ಗೆ ಒಂದು ಮಾತು. ಈಕ್ವಿಟಿ ಫಂಡನ್ನು ಒಂದು ವರ್ಷದ ನಂತರ ಮಾರಿದರೆ ವರ್ಷಕ್ಕೆ 1.25 ಲಕ್ಷದವರೆಗಿನ ಲಾಭಕ್ಕೆ ತೆರಿಗೆಯಿಲ್ಲ, ಅದರ ಮೇಲಿನದಕ್ಕೆ ಶೇ 12.5. ಆ ತೆರಿಗೆಗೆ 12 ಲಕ್ಷದ ರಿಯಾಯಿತಿ ಅನ್ವಯಿಸುವುದಿಲ್ಲ. ಮುಂದೆ ಮಾರುವಾಗ ಒಂದೇ ವರ್ಷದಲ್ಲಿ ಎಲ್ಲವನ್ನೂ ಮಾರದೆ ಎರಡು ಮೂರು ವರ್ಷಗಳಿಗೆ ಹಂಚಿದರೆ ಸಾಕು.

ಉತ್ತರ 3: ನಿವೃತ್ತ ಶಿಕ್ಷಕಿ, ಉಡುಪಿ

ಇಬ್ಬರೂ ಸೌಹಾರ್ದದ ಪ್ರಸ್ತಾಪವನ್ನು ಬಿಟ್ಟಿರುವುದರಿಂದ ನಾನು ಬರೆಯುತ್ತಿದ್ದೇನೆ. ನನ್ನ ಪತಿ ತಮ್ಮ ನಿವೃತ್ತಿ ಹಣದಲ್ಲಿ ಎಂಟು ಲಕ್ಷವನ್ನು ಇಂಥದೇ ಒಂದು ಸಂಸ್ಥೆಯಲ್ಲಿಟ್ಟಿದ್ದರು. ಹೆಸರು ಇಲ್ಲಿ ಬೇಡ. ಮೂರು ವರ್ಷ ಬಡ್ಡಿ ತಪ್ಪದೆ ಬಂತು, ನಾಲ್ಕನೆಯ ವರ್ಷ ಬಾಗಿಲಿಗೆ ಬೀಗ ಬಂತು. ಬ್ಯಾಂಕು ಮುಳುಗಿದರೆ ಠೇವಣಿ ವಿಮೆ ಇರುತ್ತದಲ್ಲವೇ ಎಂದು ಕೇಳಿದಾಗಲೇ ನಮಗೆ ತಿಳಿದದ್ದು: ಒಬ್ಬ ಠೇವಣಿದಾರರಿಗೆ ಒಂದು ಬ್ಯಾಂಕಿನಲ್ಲಿ ಅಸಲು ಬಡ್ಡಿ ಸೇರಿ 5 ಲಕ್ಷದವರೆಗಿನ ಆ ವಿಮೆ ಸಹಕಾರಿ ಬ್ಯಾಂಕುಗಳಿಗೆ ಇದೆ, ಸೌಹಾರ್ದ ಪತ್ತಿನ ಸಂಘಗಳಿಗೆ ಇಲ್ಲ. ಅವು ರಿಸರ್ವ್ ಬ್ಯಾಂಕಿನ ಪರವಾನಗಿ ಪಡೆದ ಬ್ಯಾಂಕುಗಳೇ ಅಲ್ಲ. ಎಲ್ಲ ಸಂಘಗಳೂ ಕೆಟ್ಟವೆಂದು ನಾನು ಹೇಳುವುದಿಲ್ಲ, ನಮ್ಮೂರಿನಲ್ಲಿ ಹಲವು ದಶಕಗಳಿಂದ ನೆಟ್ಟಗೆ ನಡೆಯುತ್ತಿರುವವೂ ಇವೆ. ಆದರೆ ಹೆಚ್ಚುವರಿ ಎರಡು ಶೇಕಡಾ ಬಡ್ಡಿಗಾಗಿ ಅಸಲನ್ನೇ ಪಣಕ್ಕಿಡುವ ವಯಸ್ಸು ಇದಲ್ಲ. ಬ್ಯಾಂಕಿನ ಠೇವಣಿಯಲ್ಲೂ ಅಷ್ಟೇ. 2020ರ ಜನವರಿಯಲ್ಲಿ ಬೆಂಗಳೂರಿನ ಸಹಕಾರಿ ಬ್ಯಾಂಕೊಂದರ ಮೇಲೆ ನಿರ್ಬಂಧ ಬಿದ್ದಾಗ ಠೇವಣಿದಾರರಿಗೆ ಮೊದಲು ತೆಗೆಯಲು ಬಿಟ್ಟದ್ದು 35,000 ರೂಪಾಯಿ ಮಾತ್ರ.

ಇನ್ನೊಂದು ವಿಷಯ ತಮ್ಮ ಪತ್ನಿಗೆ ಸಂಬಂಧಿಸಿದ್ದು. ನನ್ನ ಪತಿ ತೀರಿಕೊಂಡಾಗ ಯಾವ ಖಾತೆ ಎಲ್ಲಿದೆ ಎಂದು ಹುಡುಕುವುದಕ್ಕೇ ಐದು ತಿಂಗಳು ಹಿಡಿಯಿತು. ಠೇವಣಿಗಳನ್ನು ಇಬ್ಬರಲ್ಲಿ ಯಾರಾದರೂ ಅಥವಾ ಉಳಿದವರು ಪಡೆಯುವಂತೆ ಜಂಟಿಯಾಗಿಡಿ, ಪ್ರತಿ ಖಾತೆಗೂ ನಾಮನಿರ್ದೇಶನ ಮಾಡಿಸಿ. ಈ ನವೆಂಬರ್ 1ರಿಂದ ಬ್ಯಾಂಕ್ ಠೇವಣಿಗೆ ನಾಲ್ವರವರೆಗೆ ನಾಮಿನಿಗಳನ್ನು ಹೆಸರಿಸಬಹುದು. ಆದರೆ ನಾಮಿನಿ ಎಂದರೆ ಹಣ ಪಡೆದುಕೊಳ್ಳುವವರು, ವಾರಸುದಾರರೇ ಆಗಬೇಕೆಂದಿಲ್ಲ. ಆದ್ದರಿಂದ ಎರಡು ಪುಟದ ಒಂದು ಮರಣಶಾಸನ ಬರೆದಿಡುವುದು ಅಪಶಕುನವಲ್ಲ.

ಕಾರ್ಖಾನೆಯ ಗುಂಪು ಆರೋಗ್ಯ ವಿಮೆ ನಿವೃತ್ತಿಯೊಡನೆ ಮುಗಿಯುವುದಾದರೆ, ಅದನ್ನು ಅದೇ ಕಂಪನಿಯ ವೈಯಕ್ತಿಕ ಪಾಲಿಸಿಗೆ ವರ್ಗಾಯಿಸಿಕೊಳ್ಳಬಹುದೇ ಎಂದು ಡಿಸೆಂಬರ್ ಮುಗಿಯುವ ಮೊದಲೇ ವಿಚಾರಿಸಿ. ವೈಯಕ್ತಿಕ ಪಾಲಿಸಿಗಳ ಮೇಲಿನ ಜಿಎಸ್‌ಟಿ ಸೆಪ್ಟೆಂಬರ್ 22ರಿಂದ ಇಲ್ಲವಾಗಿದೆ. 70 ತುಂಬಿದವರಿಗೆ ಆಯುಷ್ಮಾನ್ ಭಾರತ್ ಅಡಿ 5 ಲಕ್ಷದ ರಕ್ಷಣೆ ಸಿಗುತ್ತದಾದರೂ ಅಲ್ಲಿಗೆ ತಮಗಿನ್ನೂ ಹನ್ನೆರಡು ವರ್ಷವಿದೆ. ತಿಂಗಳ ಬಜೆಟ್ಟಿನಲ್ಲಿ ಪ್ರೀಮಿಯಂ ಸೇರಿಸಿದ್ದೀರಾ? 45,000ದಲ್ಲಿ ಅದು ಕಾಣುತ್ತಿಲ್ಲ.

ಪ್ರಶ್ನೆ ಕೇಳಿದವರು

ಮೂವರಿಗೂ ಕೃತಜ್ಞ. ಪ್ರೀಮಿಯಂ ನಿಜಕ್ಕೂ ಲೆಕ್ಕದಲ್ಲಿರಲಿಲ್ಲ. ಅದಕ್ಕೆ ಫಂಡಿನ ಪಾಲಿನಿಂದ ಎರಡು ಲಕ್ಷ ತೆಗೆದಿಡಲು ನಿರ್ಧರಿಸಿದ್ದೇನೆ. ಸೌಹಾರ್ದದವರಿಗೆ ಬೇಡವೆಂದು ಹೇಳಿ ಕಳಿಸಿದ್ದೇನೆ. ಉತ್ತರಗಳನ್ನೆಲ್ಲ ಪತ್ನಿಗೆ ಓದಿ ಹೇಳಿದೆ. ಮುಂದಿನ ವಾರ ಇಬ್ಬರೂ ಅಂಚೆ ಕಚೇರಿಗೆ ಹೋಗುತ್ತೇವೆ. ಕೊನೆಯದಾಗಿ ಒಂದು ಅನುಮಾನ: ಇಪಿಎಸ್ ಪಿಂಚಣಿಯನ್ನು 60ರವರೆಗೆ ಮುಂದೂಡಿದರೆ ವರ್ಷಕ್ಕೆ ಶೇ 4ರಂತೆ ಹೆಚ್ಚಾಗುತ್ತದೆಯಂತೆ. ಕಾಯುವುದು ಲೇಸೇ?

ಉತ್ತರ 1 ಬರೆದವರು

ಎರಡು ವರ್ಷ ಕಾದರೆ 4,400 ಇದ್ದದ್ದು ಶೇ 8.16 ಏರಿ 4,759 ಆಗುತ್ತದೆ, ಅಂದರೆ ತಿಂಗಳಿಗೆ 359 ರೂಪಾಯಿ ಹೆಚ್ಚು. ಅದಕ್ಕಾಗಿ ಬಿಟ್ಟುಕೊಡುವುದು 24 ತಿಂಗಳ 1,05,600 ರೂಪಾಯಿ. ಆ ಹಣವನ್ನು 359ರಂತೆ ಮರಳಿ ಗಳಿಸಲು ಇಪ್ಪತ್ನಾಲ್ಕೂವರೆ ವರ್ಷ ಬೇಕು. ಆಗ ತಮಗೆ 84 ದಾಟಿರುತ್ತದೆ. ಜನವರಿಯಲ್ಲೇ ಪಿಂಚಣಿ ಕೋರುವ 10ಡಿ ಅರ್ಜಿ ಹಾಕಿಬಿಡಿ. ಅರ್ಜಿಯಲ್ಲಿ ಪತ್ನಿಯ ಹೆಸರು, ಹುಟ್ಟಿದ ದಿನಾಂಕ ಆಧಾರ್‌ನಲ್ಲಿರುವಂತೆಯೇ ಇದೆಯೇ ಎಂದು ಎರಡು ಬಾರಿ ನೋಡಿ. ತಮ್ಮ ನಂತರ ಅವರಿಗೆ ಅರ್ಧ ಪಿಂಚಣಿ ಬರುವುದು ಆ ದಾಖಲೆಯ ಮೇಲೆಯೇ.