ಮಕ್ಕಳಿಗೆ ನಂಬಿಕೆಯ ಪಟ್ಟಿ ಆಮೇಲೆ, ಮೊದಲು ಋಣ

ಎಲ್ಲರಿಗೂ ನಮಸ್ಕಾರ. ಡಲ್ಲಾಸ್‌ನ ಅಕ್ಕ ಕೇಳಿದ ಪ್ರಶ್ನೆಗೆ ಅಲ್ಲೇ ಕೆಳಗೆ ಉತ್ತರ ಬರೆಯಲು ಹೋದೆ. ತುಂಬಾ ಉದ್ದವಾಯಿತು, ಅದಕ್ಕೇ ಬೇರೆಯಾಗಿ ಹಾಕುತ್ತಿದ್ದೇನೆ. ಅವರ ಮಗಳು ಆರನೇ ಕ್ಲಾಸು. ಶಾಲೆಯಲ್ಲಿ ಬೇರೆ ಬೇರೆ ಧರ್ಮಗಳ ಪಾಠ ನಡೆದಾಗ ಪಕ್ಕದ ಹುಡುಗಿ, ‘ನೀವು ಹಿಂದೂಗಳು ಏನನ್ನು ನಂಬುತ್ತೀರಿ?’ ಅಂತ ಕೇಳಿದಳಂತೆ. ಮಗುವಿಗೆ ಬಾಯಿ ಕಟ್ಟಿತು. ಮನೆಗೆ ಬಂದು ಅಮ್ಮನನ್ನು ಕೇಳಿದರೆ ಅಮ್ಮನಿಗೂ ಕಟ್ಟಿತು. ಮಗಳಿಗೆ ಏನು ಹೇಳಿಕೊಡಲಿ ಅನ್ನುವುದೇ ಅವರ ಪ್ರಶ್ನೆ. ಇಲ್ಲಿ ಬಂದ ಉತ್ತರಗಳಲ್ಲಿ ಕರ್ಮ, ಪುನರ್ಜನ್ಮ, ಆತ್ಮ, ಮೋಕ್ಷ, ಅಹಿಂಸೆ ಅಂತ ಪಟ್ಟಿಗಳೇ ಜಾಸ್ತಿ. ಪಟ್ಟಿ ತಪ್ಪಲ್ಲ. ಆದರೆ ಆ ವಯಸ್ಸಿನ ಮಗು ಅದನ್ನಿಟ್ಟುಕೊಂಡು ಏನು ಮಾಡಬೇಕು ಹೇಳಿ?

ನಾನು ಹೊರಗಿದ್ದು ಬೆಂಗಳೂರಿಗೆ ವಾಪಸ್ ಬಂದವಳು. ಎರಡೂ ಕಡೆ ಮಕ್ಕಳನ್ನು ಬೆಳೆಸಿದ ಮೇಲೆ ನನಗನ್ನಿಸುವುದು ಇಷ್ಟೇ. ನಂಬಿಕೆಯಿಂದ ಶುರು ಮಾಡಬೇಡಿ, ಋಣದಿಂದ ಶುರು ಮಾಡಿ.

ನಂಬಿಕೆ ವಿಷಯದಲ್ಲಿ ನಮ್ಮವರು ಯಾವತ್ತೂ ಒಮ್ಮತಕ್ಕೆ ಬಂದವರಲ್ಲ. ವೇದಕ್ಕಾಗಿ ಜೀವ ತೇಯ್ದ ಮೀಮಾಂಸಕರೇ ಸೃಷ್ಟಿಕರ್ತ ದೇವರನ್ನು ಒಪ್ಪಲಿಲ್ಲ. ಆದರೆ ಮನುಷ್ಯ ಹುಟ್ಟುವಾಗಲೇ ಸಾಲ ಹೊತ್ತು ಬರುತ್ತಾನೆ ಅನ್ನುವ ಮಾತು ಯಜುರ್ವೇದದ ತೈತ್ತಿರೀಯ ಸಂಹಿತೆಯಷ್ಟು ಹಳೆಯದು. ಋಷಿಗಳ ಸಾಲ ಓದಿನಿಂದ ತೀರುತ್ತದೆ, ದೇವತೆಗಳದ್ದು ಯಜ್ಞದಿಂದ, ಹಿರಿಯರದ್ದು ಸಂತಾನದಿಂದ. ಶತಪಥ ಬ್ರಾಹ್ಮಣ ಅನ್ನುವ ವೈದಿಕ ಗ್ರಂಥ ಇದನ್ನೇ ಇನ್ನಷ್ಟು ಹಿಗ್ಗಿಸಿ ದಿನಾ ಮಾಡಬೇಕಾದ ಐದು ಮಹಾಯಜ್ಞ ಅನ್ನುತ್ತದೆ. ಆ ಮೂರರ ಜೊತೆಗೆ ಮನುಷ್ಯರು ಮತ್ತು ಉಳಿದ ಜೀವಿಗಳೂ ಸೇರಿದರು.

ಯಜ್ಞ ಅಂದ ಕೂಡಲೇ ನಮಗೆ ಹೊಗೆ, ತುಪ್ಪ, ದಕ್ಷಿಣೆ ನೆನಪಾಗುತ್ತದೆ. ಶತಪಥದ ಲೆಕ್ಕ ತುಂಬಾ ಸಣ್ಣದು. ದೇವತೆಗಳಿಗೆ ಒಂದು ತುಂಡು ಕಟ್ಟಿಗೆ ಹಾಕಿದರೂ ಆಯಿತು. ಹಿರಿಯರಿಗೆ, ಅತಿಥಿಗೆ ಒಂದು ಪಾತ್ರೆ ನೀರು ಕೊಟ್ಟರೂ ಆಯಿತು. ಇಷ್ಟನ್ನು ಅಮೆರಿಕದ ಎಡಿಸನ್ ಊರಿನಲ್ಲೂ ಮಾಡಬಹುದು, ಸಿಡ್ನಿಯಲ್ಲೂ ಮಾಡಬಹುದು. ಯಾವ ಪುರೋಹಿತರ ಅಪಾಯಿಂಟ್‌ಮೆಂಟೂ ಬೇಡ.

ನಮ್ಮ ಅತ್ತೆ ಹಬ್ಬದ ದಿನ ರಂಗೋಲಿ ಪುಡಿ ಮುಟ್ಟುವುದಿಲ್ಲ, ಅಕ್ಕಿಹಿಟ್ಟೇ ಆಗಬೇಕು. ಅಪಾರ್ಟ್‌ಮೆಂಟಿನ ಬಾಗಿಲ ಮುಂದೆ ಎರಡು ಟೈಲ್ಸ್ ಅಗಲದ ಜಾಗ, ಅದರಲ್ಲೇ ಚುಕ್ಕಿ ಇಟ್ಟು ಎಳೆ ಎಳೆಯುತ್ತಾರೆ. ಹತ್ತು ಗಂಟೆಯ ಹೊತ್ತಿಗೆ ಗೋಡೆ ಬಿರುಕಿನಿಂದ ಕೆಂಪಿರುವೆ ಸಾಲು ಬಂದು ಒಂದು ದಳವನ್ನು ಪೂರ್ತಿ ಖಾಲಿ ಮಾಡಿರುತ್ತದೆ. ಮಗ ಓಡಿ ಬಂದು, ‘ಅಜ್ಜಿ, ನಿಮ್ಮ ರಂಗೋಲಿ ಕೆಡಿಸ್ತಿವೆ!’ ಅಂದ. ಅತ್ತೆ ಕಡಲೆಬೇಳೆ ತೊಳೆಯುತ್ತಲೇ, ‘ಕೆಡಿಸೋದೇನು ಬಂತು, ಹಾಕಿದ್ದೇ ಅವಕ್ಕೆ’ ಅಂದರು. ಅವನಿಗೆ ಅದು ದೊಡ್ಡ ಸುದ್ದಿ. ಇಷ್ಟು ಚೆಂದದ್ದನ್ನು ತಿನ್ನಲಿ ಅಂತಲೇ ಹಾಕುತ್ತಾರಾ? ಉಳಿದ ಜೀವಿಗಳಿಗೆ ಕೊಡುವುದಕ್ಕೆ ಭೂತಯಜ್ಞ ಅನ್ನುವ ಶಬ್ದ ಅವನ ಕಿವಿಗೆ ಬಿದ್ದದ್ದು ಬಹಳ ಆಮೇಲೆ. ಅಷ್ಟರಲ್ಲಿ ವಿಷಯ ಗೊತ್ತಾಗಿತ್ತು.

ಒಬ್ಬನೇ ಉಂಡವನು ಪಾಪವನ್ನೂ ಒಬ್ಬನೇ ಉಣ್ಣುತ್ತಾನೆ ಅಂತ ಋಗ್ವೇದದ ಹತ್ತನೇ ಮಂಡಲದಲ್ಲಿದೆ. ತನಗಾಗಿ ಮಾತ್ರ ಅಡುಗೆ ಮಾಡಿಕೊಳ್ಳುವವನ ಬಗ್ಗೆ ಗೀತೆಯ ಮೂರನೇ ಅಧ್ಯಾಯವೂ ಅದನ್ನೇ ಹೇಳುತ್ತದೆ. ಬಸವಣ್ಣನವರು ವೇದವನ್ನು ತಲೆ ಮೇಲೆ ಹೊತ್ತವರಲ್ಲ, ಯಜ್ಞಯಾಗವನ್ನು ಟೀಕಿಸಿದವರು. ಅವರೂ ಒಂದಗುಳು ಕಂಡರೆ ಬಳಗವನ್ನೆಲ್ಲ ಕರೆಯುವ ಕಾಗೆಯನ್ನು ತೋರಿಸಿದರು. ಜಗಳ ಮಾಡಿಕೊಂಡವರೂ ಊಟದ ವಿಷಯದಲ್ಲಿ ಒಂದೇ ಮಾತಾಡಿದ್ದಾರೆ ಅಂದರೆ ಅಲ್ಲಿಂದಲೇ ಶುರು ಮಾಡುವುದು ಒಳ್ಳೆಯದಲ್ವಾ? (ಹಕ್ಕಿಗೆ ಕಾಳು ಹಾಕುವ ಮುಂಚೆ ನಿಮ್ಮ ಊರಿನ ನಿಯಮ ನೋಡಿಕೊಳ್ಳಿ. ಎಷ್ಟೋ ಕಡೆ ದಂಡ ಹಾಕುತ್ತಾರೆ. ಬಟ್ಟಲಲ್ಲಿ ನೀರಿಟ್ಟರೂ ಸಾಕು.)

ಪಿತೃಋಣಕ್ಕೆ ನಾನು ಹೇಳುವುದು ಒಂದೇ ಕೆಲಸ. ತರ್ಪಣದಲ್ಲಿ ತಂದೆ, ತಾತ, ಮುತ್ತಾತ ಅಂತ ಮೂರು ತಲೆಮಾರಿನ ಹೆಸರು ಹೇಳುತ್ತಾರೆ. ನಿಮ್ಮ ಮಕ್ಕಳಿಗೆ ಮುತ್ತಜ್ಜಿಯ ಹೆಸರು ಗೊತ್ತಾ? ಈ ಭಾನುವಾರ ಊರಿಗೆ ಫೋನ್ ಮಾಡಿದಾಗ ಮಕ್ಕಳ ಕೈಯಲ್ಲೇ ಕೇಳಿಸಿ, ಬರೆಸಿ. ಆ ಮುತ್ತಜ್ಜಿಗೆ ಏನು ಅಡುಗೆ ಇಷ್ಟ ಇತ್ತು, ಯಾವ ಊರಿಂದ ಬಂದವರು, ಎಷ್ಟು ಮಕ್ಕಳನ್ನು ಹೆತ್ತು ಎಷ್ಟನ್ನು ಕಳೆದುಕೊಂಡರು ಅಂತ ಕೇಳಿ. ಹೋದ ವರ್ಷದ ಪಿತೃಪಕ್ಷದಲ್ಲಿ ನಮ್ಮ ಮನೆಯಲ್ಲಿ ಇದನ್ನು ಮಾಡಿದಾಗ ಗಂಡಸರ ಸಾಲು ಪೂರ್ತಿ ಸಿಕ್ಕಿತು. ಹೆಂಗಸರಲ್ಲಿ ಒಬ್ಬರ ಹೆಸರು ಯಾರಿಗೂ ನೆನಪಿರಲಿಲ್ಲ. ಮಗಳಿಗೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ.

ಇನ್ನು ಎಲ್ಲ ಮಕ್ಕಳಿಗೂ ಎದುರಾಗುವ ಪ್ರಶ್ನೆ, ನಿಮಗೆ ಎಷ್ಟು ದೇವರು? ಇದಕ್ಕೆ ನಾಚಿಕೊಳ್ಳುವುದೇ ಬೇಡ, ಉಪನಿಷತ್ತಿನಲ್ಲೇ ಯಾರೋ ಕೇಳಿಬಿಟ್ಟಿದ್ದಾರೆ. ಬೃಹದಾರಣ್ಯಕದಲ್ಲಿ ಜನಕ ರಾಜನ ಸಭೆ. ಶಾಕಲ್ಯ ಅನ್ನುವ ಪಂಡಿತ ಎದ್ದು, ದೇವರು ಎಷ್ಟು ಅಂತ ಋಷಿ ಯಾಜ್ಞವಲ್ಕ್ಯರನ್ನು ಕೇಳುತ್ತಾನೆ. 3,306 ಅನ್ನುತ್ತಾರೆ ಅವರು. ಸರಿ, ನಿಜವಾಗಿ ಎಷ್ಟು? 33. ನಿಜವಾಗಿ? 6. ಆಮೇಲೆ 3, 2, ಒಂದೂವರೆ, ಕೊನೆಗೆ 1. ನಮ್ಮ ಮನೆಯಲ್ಲಿ ಈ ‘ಒಂದೂವರೆ’ಗೆ ಮಕ್ಕಳು ಬಿದ್ದು ಬಿದ್ದು ನಕ್ಕರು. ಅದು ಬೀಸುವ ಗಾಳಿಯಂತೆ, ಎಲ್ಲ ಬೆಳೆಯುವುದು ಅದರಿಂದ ಅಂತ ಅಲ್ಲೇ ವಿವರಣೆಯೂ ಇದೆ. ಅದೇ ಸಭೆಯಲ್ಲಿ ಗಾರ್ಗಿ ಅನ್ನುವ ವಿದುಷಿಯೂ ಇದ್ದಳು. ಅತಿಯಾಗಿ ಕೇಳಬೇಡ, ತಲೆ ಉರುಳೀತು ಅಂತ ಯಾಜ್ಞವಲ್ಕ್ಯರು ಗದರಿದರೆ ಸ್ವಲ್ಪ ಹೊತ್ತು ಸುಮ್ಮನಿದ್ದು ಮತ್ತೆ ಎದ್ದು ಇನ್ನೆರಡು ಪ್ರಶ್ನೆ ಹಾಕಿದಳು. ಹೆಣ್ಣುಮಕ್ಕಳಿಗೆ ಇದನ್ನು ಖಂಡಿತ ಹೇಳಿ. ಕೊನೆಯಲ್ಲಿ ಶಾಕಲ್ಯನ ತಲೆ ನಿಜವಾಗಿಯೂ ಉರುಳುತ್ತದೆ. ಆ ಭಾಗ ಸ್ವಲ್ಪ ದೊಡ್ಡವರಾದ ಮೇಲೆ ಸಾಕು.

ಆತ್ಮ, ಬ್ರಹ್ಮ (ಎಲ್ಲದರಲ್ಲೂ ಇರುವ ಮೂಲತತ್ವ) ಅಂತ ವಿವರಿಸಲು ಹೊರಟರೆ ಮಕ್ಕಳು ಆಕಳಿಸುತ್ತಾರೆ. ಒಂದು ಲೋಟ ನೀರು, ಒಂದು ಚಮಚ ಕಲ್ಲುಪ್ಪು ತೆಗೆದುಕೊಳ್ಳಿ. ಛಾಂದೋಗ್ಯ ಉಪನಿಷತ್ತಿನಲ್ಲಿ ಉದ್ದಾಲಕ ಮಗ ಶ್ವೇತಕೇತುವಿಗೆ ಮಾಡಿಸಿದ್ದು ಇದನ್ನೇ. ಹುಡುಗ 12ನೇ ವಯಸ್ಸಿಗೆ ಗುರುಕುಲಕ್ಕೆ ಹೋಗಿ 24ಕ್ಕೆ ಎಲ್ಲ ವೇದ ಓದಿ ವಾಪಸ್ ಬಂದಿದ್ದಾನೆ. ಎಂಎಸ್ ಮುಗಿಸಿ ಮೊದಲ ಸಲ ಊರಿಗೆ ಬಂದ ನಮ್ಮ ಹುಡುಗರ ಹಾಗೆ ಸ್ವಲ್ಪ ಜಂಬ. ಅಪ್ಪ ರಾತ್ರಿ ನೀರಿಗೆ ಉಪ್ಪು ಹಾಕಿಸಿ ಬೆಳಿಗ್ಗೆ, ಆ ಉಪ್ಪು ತೆಗೆದುಕೊಡು ಅನ್ನುತ್ತಾನೆ. ಸಿಗುವುದಿಲ್ಲ. ಮೇಲಿಂದ ಕುಡಿ, ನಡುವಿಂದ ಕುಡಿ, ತಳದಿಂದ ಕುಡಿ. ಎಲ್ಲ ಕಡೆ ಉಪ್ಪೇ. ಕಾಣದಿದ್ದರೂ ಇಲ್ಲೇ ಇದೆ, ಅದೇ ನೀನು ಅನ್ನುತ್ತಾನೆ. ನನ್ನ ಮಗ ಸ್ಟ್ರಾ ಹಾಕಿ ತಳದ್ದನ್ನು ಹೀರಿ ಮುಖ ಹಿಂಡಿದ. ‘ಅಮ್ಮ, ಕಾಯಿಸಿದರೆ ಉಪ್ಪು ವಾಪಸ್ ಬರತ್ತಲ್ಲ’ ಅಂದ. ಉದ್ದಾಲಕನಿಗೆ ಒಲೆ ಹಚ್ಚುವ ಯೋಚನೆ ಬಂದಿರಲಿಲ್ಲ ಅಂತ ಕಾಣುತ್ತದೆ.

ಇಷ್ಟಕ್ಕೇ ನಿಲ್ಲಿಸಬೇಡಿ. ‘ಅದೇ ನೀನು’ (ತತ್ ತ್ವಮ್ ಅಸಿ) ಅನ್ನುವ ವಾಕ್ಯವನ್ನು ಶಂಕರರು ಜೀವ, ಬ್ರಹ್ಮ ಎರಡೂ ಒಂದೇ ಅಂತ ಓದಿದರು. ಮಧ್ವರು ಅದನ್ನೇ ಬೇರೆ ಥರ ಪದ ಬಿಡಿಸಿ, ‘ನೀನು ಅದಲ್ಲ’ ಅಂತ ಓದಿದರು. ರಾಮಾನುಜರದ್ದು ಇವೆರಡೂ ಅಲ್ಲದ ಇನ್ನೊಂದು ದಾರಿ. ಈ ಮೂವರ ಕ್ಷೇತ್ರಗಳಾದ ಶೃಂಗೇರಿ, ಉಡುಪಿ, ಮೇಲುಕೋಟೆ ಮೂರೂ ನಮ್ಮ ರಾಜ್ಯದಲ್ಲೇ ಇವೆ. ಇವರ ಮನೆ ಹುಡುಗಿ ಅವರ ಮನೆಗೆ ಸೊಸೆಯಾಗಿ ಹೋಗುತ್ತಾಳೆ, ಏಕಾದಶಿ ಲೆಕ್ಕದಲ್ಲಿ ವಾದ ಮಾಡುತ್ತಾಳೆ, ಸಂಸಾರ ನಡೆಯುತ್ತದೆ. ಹೊರಗೆ ಬೆಳೆಯುವ ಮಗುವಿಗೆ ಇದು ತುಂಬಾ ಬೇಕಾದ ಸಂಗತಿ ಅಂತ ನನ್ನ ಎಣಿಕೆ.

ಕರ್ಮದ ಬಗ್ಗೆ ಮಾತ್ರ ದಯವಿಟ್ಟು ಹುಷಾರು. ಸಿನಿಮಾದಲ್ಲಿ ಕೆಟ್ಟವನು ಜಾರಿ ಬಿದ್ದರೆ ‘ಕರ್ಮ’ ಅಂತ ನಗುವುದನ್ನು ಮಕ್ಕಳು ಅಲ್ಲಿ ಕಲಿತು ಬರುತ್ತಾರೆ. ನಮ್ಮ ದೊಡ್ಡವರು ಇನ್ನೂ ಮುಂದೆ ಹೋಗಿ, ಕಾಯಿಲೆ ಬಿದ್ದ ಮಗುವನ್ನು ನೋಡಿ ‘ಪೂರ್ವಜನ್ಮದ್ದು’ ಅನ್ನುತ್ತಾರೆ. ಬೇರೆಯವರ ನೋವನ್ನು ವಿವರಿಸಲು ಕರ್ಮವನ್ನು ಬಳಸುವುದನ್ನು ನಾನಂತೂ ಮನೆಯಲ್ಲಿ ನಿಲ್ಲಿಸಿದ್ದೇನೆ. ಅದು ನನ್ನ ಕೈಯಲ್ಲಿರುವ ಕೆಲಸದ ಮಾತು, ಪಕ್ಕದ ಮನೆಯವರ ಹಣೆಬರಹದ ಮಾತಲ್ಲ. ಕೆಲಸದಲ್ಲಷ್ಟೇ ನಿನಗೆ ಅಧಿಕಾರ, ಫಲದಲ್ಲಿಲ್ಲ ಅನ್ನುವ ಗೀತೆಯ ಮಾತು ಪರೀಕ್ಷೆ ಹಿಂದಿನ ರಾತ್ರಿ ಮಕ್ಕಳಿಗೆ ಉಪಯೋಗಕ್ಕೆ ಬರುತ್ತದೆ. ರಿಸಲ್ಟ್ ದಿನ ಅಪ್ಪ ಅಮ್ಮನಿಗೂ ಬರಬೇಕು.

ಜಾತಿಯ ಪ್ರಶ್ನೆ ಬಂದೇ ಬರುತ್ತದೆ. ಹೈಸ್ಕೂಲಿನ ಹೊತ್ತಿಗೆ ಮಕ್ಕಳು ಇಂಟರ್ನೆಟ್ಟಿನಲ್ಲಿ ಎಲ್ಲ ಓದಿರುತ್ತಾರೆ. ‘ಹಾಗೇನೂ ಇರಲಿಲ್ಲ, ಬ್ರಿಟಿಷರು ತಂದದ್ದು’ ಅಂತ ಸುಮ್ನೆ ತಳ್ಳಿಹಾಕಿದರೆ ಮುಂದೆ ನಿಮ್ಮ ಯಾವ ಮಾತನ್ನೂ ನಂಬುವುದಿಲ್ಲ. ನಾನು ಮೇಲೆ ‘ಮನುಷ್ಯ’ ಸಾಲ ಹೊತ್ತು ಬರುತ್ತಾನೆ ಅಂದೆನಲ್ಲ, ಮೂಲದಲ್ಲಿರುವುದು ‘ಬ್ರಾಹ್ಮಣ’ ಅಂತಲೇ. ಇದ್ದದ್ದನ್ನು ಇದ್ದ ಹಾಗೆ ಹೇಳಿ. ತಂದೆಯ ಗೋತ್ರ ಗೊತ್ತಿಲ್ಲ ಅಂತ ನಿಜ ಹೇಳಿದ್ದಕ್ಕೇ ಸತ್ಯಕಾಮನನ್ನು ಗುರು ಶಿಷ್ಯನಾಗಿ ಒಪ್ಪಿಕೊಂಡ ಕಥೆಯನ್ನೂ ಹೇಳಿ. ಎರಡೂ ನಮ್ಮವೇ. ತೈತ್ತಿರೀಯ ಉಪನಿಷತ್ತಿನ ‘ಮಾತೃದೇವೋ ಭವ’ ಎಲ್ಲ ಶಾಲೆಗಳ ಗೋಡೆ ಮೇಲಿದೆ. ಅತಿಥಿ ತನಕ ಬಂದು ಎಲ್ಲರೂ ನಿಲ್ಲಿಸುತ್ತಾರೆ. ಅದರ ಬೆನ್ನಿಗೇ ಗುರು ಹೇಳುವ ಮಾತನ್ನು ಯಾರೂ ಬರೆಸುವುದಿಲ್ಲ: ನಮ್ಮ ನಡತೆಯಲ್ಲಿ ಯಾವುದು ಒಳ್ಳೆಯದೋ ಅದನ್ನಷ್ಟೇ ಹಿಡಿ, ಉಳಿದದ್ದನ್ನಲ್ಲ. ಓದು ಮುಗಿಸಿ ಹೊರಟ ಶಿಷ್ಯನಿಗೆ ಗುರುವೇ ಕೊಟ್ಟ ಅನುಮತಿ ಇದು. ನಮ್ಮ ಮಕ್ಕಳಿಗೆ ಇದನ್ನು ನಾವೇ ಮೊದಲು ಓದಿ ಹೇಳಿಬಿಡುವುದು ಒಳ್ಳೆಯದು.

ಬೆಂಗಳೂರಿಗೆ ವಾಪಸ್ ಬಂದರೆ ಇದೆಲ್ಲ ತಾನಾಗೇ ಬರುತ್ತದಾ ಅಂತ ಇಬ್ಬರು ಕೇಳಿದ್ದರು. ಬರುವುದಿಲ್ಲ. ಇಲ್ಲಿ ಬೇವು-ಬೆಲ್ಲ ಹತ್ತು ನಿಮಿಷದಲ್ಲಿ ಪ್ಯಾಕೆಟ್ಟಿನಲ್ಲಿ ಬಾಗಿಲಿಗೆ ಬರುತ್ತದೆ, ಹೋಳಿಗೆ ಕೇಟರಿಂಗಿನವರು ಕಳಿಸುತ್ತಾರೆ, ರಂಗೋಲಿ ಸ್ಟಿಕ್ಕರು ಸಿಗುತ್ತದೆ. ಗಣೇಶನನ್ನು ಕ್ಲಬ್‌ಹೌಸಿನಲ್ಲಿ ಕೂರಿಸಿ ಸ್ಪೀಕರ್ ಹಾಕಿದರೆ ಹಬ್ಬ ಮುಗಿಯಿತು. ಮಕ್ಕಳು ಲಿಫ್ಟಿನಲ್ಲಿ ಮಾತಾಡುವುದು ಇಂಗ್ಲಿಷು, ಆಟದ ಮೈದಾನದಲ್ಲಿ ಹಿಂದಿ. ನಿಜ ಹೇಳಬೇಕೆಂದರೆ ಹೊರಗಿದ್ದಾಗ ನಾವು ಜಾಸ್ತಿ ಕೈ ಕೆಸರು ಮಾಡಿಕೊಳ್ಳುತ್ತಿದ್ದೆವು. ಇಲ್ಲಿ ಸಿಗುವುದು ಅಜ್ಜಿ-ತಾತ ಮತ್ತು ಬೀದಿ. ಬರುವ ನಿರ್ಧಾರ ಆ ಎರಡಕ್ಕಾಗಿ ಮಾಡಿ, ಸಂಸ್ಕಾರದ ಗ್ಯಾರಂಟಿ ಅಂತ ಅಲ್ಲ.

ಕುಂಕುಮ ಇಟ್ಟರೆ ಆ ನರ, ಬಳೆ ಹಾಕಿದರೆ ಈ ನರ ಅನ್ನುವ ವಾಟ್ಸಾಪ್ ವಿಜ್ಞಾನವನ್ನು ಮಕ್ಕಳಿಗೆ ಕೊಡಬೇಡಿ. ಇಷ್ಟೇ, ಅದಕ್ಕೆ ಇನ್ನೊಂದು ಪ್ಯಾರಾ ದಂಡ.

ರಜಾಕ್ಕೆ ಬರುವವರಿಗೆ ಒಂದು ಸಲಹೆ. ಸಾಧ್ಯವಾದರೆ ಕಾರ್ತಿಕ ಮಾಸದ ಕೊನೆಯ ಸೋಮವಾರ ಇಲ್ಲಿರುವ ಹಾಗೆ ಟಿಕೆಟ್ ಮಾಡಿಸಿ, ನವೆಂಬರ್ ಅಥವಾ ಡಿಸೆಂಬರಿನಲ್ಲಿ ಬರುತ್ತದೆ. ಬಸವನಗುಡಿಯಲ್ಲಿ ಕಡಲೆಕಾಯಿ ಪರಿಷೆ. ಹಿಂದೆ ಸುಂಕೇನಹಳ್ಳಿಯ ರೈತರ ಬೆಳೆಯನ್ನು ಒಂದು ಬಸವ ತಿಂದು ಹೋಗುತ್ತಿತ್ತು, ಆಮೇಲೆ ಅವರು ಮೊದಲ ಫಸಲನ್ನು ಬಸವನಿಗೇ ಒಪ್ಪಿಸತೊಡಗಿದರು ಅನ್ನುವುದು ಅಲ್ಲಿನ ಕಥೆ. ಬುಲ್ ಟೆಂಪಲ್ ರಸ್ತೆಯುದ್ದಕ್ಕೂ ಹಸಿ ಕಾಯಿ, ಹುರಿದ ಕಾಯಿ, ಬೇಯಿಸಿದ ಕಾಯಿ ರಾಶಿ ಹಾಕಿ ಸೇರಿನಲ್ಲಿ ಅಳೆದು ಕೊಡುತ್ತಾರೆ. ದೇವಋಣ ಅಂದರೆ ಏನು ಅಂತ ಬೇರೆ ಹೇಳಬೇಕಾಗಿಲ್ಲ. ಕಡಲೆಕಾಯಿ ದಕ್ಷಿಣ ಅಮೆರಿಕದಿಂದ ಬಂದ ಬೆಳೆ ಅಂತಲೂ ಮಕ್ಕಳಿಗೆ ಹೇಳಿ, ಖುಷಿಪಡುತ್ತಾರೆ. ನಿಮ್ಮ ಹಿತ್ತಲಿನ ಮೊದಲ ಟೊಮೆಟೊ, ಮೊದಲ ಸ್ಟ್ರಾಬೆರಿಯನ್ನು ದೇವರ ಮುಂದಿಡಲು ಇನ್ನೇನು ಅಡ್ಡಿ?

ಜನ ಜಾಸ್ತಿ ಇರುತ್ತಾರೆ. ಕಾರ್ ಬಿಟ್ಟು ಮೆಟ್ರೋದಲ್ಲಿ ನ್ಯಾಷನಲ್ ಕಾಲೇಜ್ ಸ್ಟೇಷನ್ನಿಗೆ ಬಂದು ನಡೆಯಿರಿ, ಸಂಜೆಗಿಂತ ಬೆಳಿಗ್ಗೆ ವಾಸಿ. ಅಂದ ಹಾಗೆ, ಹೊರಗಿದ್ದುಕೊಂಡೇ ಶ್ರಾದ್ಧ ಮಾಡುವವರು ಅದನ್ನು ಮಕ್ಕಳಿಗೆ ಹೇಗೆ ಹೇಳುತ್ತೀರಿ, ಅವರ ಕೈಯಲ್ಲಿ ಏನು ಮಾಡಿಸುತ್ತೀರಿ ಅಂತ ಇಲ್ಲಿ ಬರೆಯಿರಿ. ನನ್ನ ತಮ್ಮ ಮ್ಯೂನಿಕ್‌ನಲ್ಲಿದ್ದಾನೆ, ಅವನಿಗೆ ಈ ವರ್ಷ ಮೊದಲ ಸಲ.