ಹೋಮ್ ಥಿಯೇಟರ್ ಇರುವಾಗ ಸ್ಟೀರಿಯೋ ಪ್ರಿಆಂಪ್ ಎಲ್ಲಿ ಸೇರಿಸಬೇಕು?

ಪ್ರಶ್ನೆ (ಗಂಗಾವತಿ):
ನಮಸ್ಕಾರ ಸರ್. ಮನೆಯ ಹಾಲ್‌ನಲ್ಲಿ 5.1 ಹೋಮ್ ಥಿಯೇಟರ್ ಇದೆ. ಎವಿ ರಿಸೀವರ್ (ಎಲ್ಲ ಸ್ಪೀಕರ್ ಓಡಿಸುವ ಮುಖ್ಯ ಪೆಟ್ಟಿಗೆ), ಮುಂದೆ ಎರಡು ಟವರ್ ಸ್ಪೀಕರ್, ಸೆಂಟರ್, ಹಿಂದೆ ಎರಡು, ಒಂದು ಸಬ್‌ವೂಫರ್. ಸಿನಿಮಾಕ್ಕೆ ಏನೂ ತಕರಾರಿಲ್ಲ. ಆದರೆ ಅಪ್ಪಾಜಿಗೆ ವಚನ, ಹಿಂದೂಸ್ತಾನಿ ಗಾಯನ ಅಂದ್ರೆ ಪ್ರಾಣ, ಸಿಡಿ ಮತ್ತು ಹಳೆ ಎಲ್‌ಪಿ ಬೇಕಾದಷ್ಟಿವೆ. ರಿಸೀವರ್‌ನಲ್ಲಿ ಕೇಳಿದರೆ ದನಿ ಚಪ್ಪೆ ಅಂತಾರೆ. ಈಗ ಸೋದರಮಾವ ತಮ್ಮ ಸ್ಟೀರಿಯೋ ಪ್ರಿಆಂಪ್ (ಯಾವ ಪ್ಲೇಯರ್, ಎಷ್ಟು ವಾಲ್ಯೂಮ್ ಅಂತ ಆರಿಸುವ ಪೆಟ್ಟಿಗೆ), ಜೊತೆಗೆ ಎರಡು ಚಾನಲ್ ಪವರ್ ಆಂಪ್ (ಸ್ಪೀಕರ್ ಓಡಿಸುವ ಶಕ್ತಿ ಕೊಡುವ ಪೆಟ್ಟಿಗೆ) ಕೊಟ್ಟಿದ್ದಾರೆ. ಇನ್ನೊಂದು ಜೋಡಿ ಸ್ಪೀಕರ್ ಇಡಲು ಜಾಗ ಇಲ್ಲ, ಅದೇ ಟವರ್‌ಗಳಲ್ಲಿ ಎರಡೂ ನಡೆಯಬೇಕು. ಅಂಗಡಿಯವರೊಬ್ಬರು, ಎರಡೂ ಆಂಪ್‌ಗಳ ವೈರ್ ಒಂದೇ ಸ್ಪೀಕರ್‌ಗೆ ಕಟ್ಟಿ ಬೇಕಾದ್ದನ್ನ ಮಾತ್ರ ಆನ್ ಮಾಡಿ, ಸಾಕು ಅಂದರು. ಮಾಡಬಹುದಾ?

ಉತ್ತರ (ಆಡಿಯೋ ಸರ್ವಿಸ್, ಬಳ್ಳಾರಿ):
ಬೇಡ ಸರ್. ಅದೊಂದು ಮಾತ್ರ ಮಾಡಲೇಬೇಡಿ. ಆಂಪ್ ಆಫ್ ಇದ್ದರೂ ಅದರ ಔಟ್‌ಪುಟ್ ಆ ವೈರ್‌ಗೆ ಸೇರಿಕೊಂಡೇ ಇರುತ್ತದೆ, ಇನ್ನೊಂದು ಆಂಪ್‌ನ ವೋಲ್ಟೇಜ್ ನೇರ ಅದರೊಳಗೆ ನುಗ್ಗುತ್ತದೆ. ಕೆಲವು ಸೆಟ್‌ಗಳಲ್ಲಿ ರಿಲೇ (ಆಫ್ ಆದಾಗ ಔಟ್‌ಪುಟ್ ಕಡಿಯುವ ಸ್ವಿಚ್) ಕಾಪಾಡುತ್ತದೆ ನಿಜ, ಆದರೆ ಅದನ್ನ ನಂಬಿಕೊಂಡು ಕೂರಬಾರದು. ಮನೆಯಲ್ಲಿ ಯಾರೋ ಮರೆತು ಎರಡೂ ಆನ್ ಮಾಡಿದರೆ ಔಟ್‌ಪುಟ್ ಟ್ರಾನ್ಸಿಸ್ಟರ್ ಹೋಯ್ತು ಅಂತಲೇ ಲೆಕ್ಕ.

ನಿಮ್ಮ ಟವರ್‌ಗಳನ್ನ ಪವರ್ ಆಂಪ್‌ಗೆ ಮಾತ್ರ ಕಟ್ಟಿ. ರಿಸೀವರ್‌ನಿಂದ ಅವಕ್ಕೆ ಸ್ಪೀಕರ್ ವೈರ್ ಹೋಗಲೇಬಾರದು. ರಿಸೀವರ್ ಹಿಂದೆ 'ಪ್ರಿ ಔಟ್' (ಬೇರೆ ಆಂಪ್‌ಗೆ ಸಿಗ್ನಲ್ ಕೊಡುವ ಜಾಗ) ಅಂತ ಬರೆದಿರುವ ಕಡೆ ಫ್ರಂಟ್ ಎಡ, ಬಲ ಅಂತ ಎರಡು ಆರ್‌ಸಿಎ ಪಿನ್ ಇವೆಯಾ ನೋಡಿ. ಇದ್ದರೆ ಅಲ್ಲಿಂದ ಪ್ರಿಆಂಪ್‌ನ ಇನ್‌ಪುಟ್‌ಗೆ, ಪ್ರಿಆಂಪ್‌ನಿಂದ ಪವರ್ ಆಂಪ್‌ಗೆ, ಅಲ್ಲಿಂದ ಟವರ್‌ಗೆ. ಸೆಂಟರ್, ಹಿಂದಿನ ಎರಡು, ಸಬ್ ಎಲ್ಲ ಈಗಿರುವ ಹಾಗೇ ರಿಸೀವರ್‌ನಲ್ಲೇ ಇರಲಿ. ಸಿಡಿ ಪ್ಲೇಯರ್, ಎಲ್‌ಪಿ ಪ್ಲೇಯರ್ ನೇರ ಪ್ರಿಆಂಪ್‌ಗೆ. ಅಪ್ಪಾಜಿ ಹಾಡು ಕೇಳುವಾಗ ರಿಸೀವರ್ ಆನ್ ಮಾಡುವುದೇ ಬೇಡ.

ಪ್ರಿಆಂಪ್‌ನ ಯಾವ ಇನ್‌ಪುಟ್ ಅನ್ನೋದೇ ಇಲ್ಲಿ ಮುಖ್ಯ. ಕೆಲವು ಪ್ರಿಆಂಪ್‌ಗಳಲ್ಲಿ 'ಎಚ್‌ಟಿ ಬೈಪಾಸ್', 'ಪ್ರೊಸೆಸರ್ ಇನ್', 'ಯೂನಿಟಿ ಗೇನ್' ಅಂತ ಬರೆದ ಇನ್‌ಪುಟ್ ಇರುತ್ತದೆ. ಅದನ್ನ ಒತ್ತಿದರೆ ಪ್ರಿಆಂಪ್‌ನ ವಾಲ್ಯೂಮ್ ಕೆಲಸ ಮಾಡುವುದಿಲ್ಲ, ರಿಸೀವರ್‌ನಿಂದ ಬಂದದ್ದು ಬಂದ ಹಾಗೇ ಮುಂದೆ ಹೋಗುತ್ತದೆ. ಸಿನಿಮಾ ನೋಡುವಾಗ ಎಲ್ಲ ಸ್ಪೀಕರ್‌ಗಳ ವಾಲ್ಯೂಮ್ ರಿಸೀವರ್ ರಿಮೋಟ್ ಒಂದರಿಂದಲೇ ಏರಿಳಿಯಬೇಕು, ಅದಕ್ಕೆ ಇದು. ಒಂದು ಎಚ್ಚರಿಕೆ. ಆ ಬೈಪಾಸ್‌ಗೆ ಸಿಡಿ ಪ್ಲೇಯರ್ ಯಾವತ್ತೂ ಹಾಕಬೇಡಿ. ಸಿಡಿ ಸುಮಾರು 2 ವೋಲ್ಟ್ ಕೊಡುತ್ತದೆ, ತಡೆಯೋಕೆ ವಾಲ್ಯೂಮ್ ಇಲ್ಲ, ಪೂರ್ತಿ ಸದ್ದು ಒಮ್ಮೆಗೇ ಟವರ್ ಮೇಲೆ ಬೀಳುತ್ತದೆ.

ಇಷ್ಟೆಲ್ಲ ಬಿಚ್ಚುವ ಮೊದಲು ಒಂದು ಕೆಲಸ ಮಾಡಿ. ರಿಸೀವರ್‌ನಲ್ಲಿ ಹಾಡು ಯಾವ ಮೋಡ್‌ನಲ್ಲಿ ಬರುತ್ತಿದೆ? ಆಲ್ ಚಾನಲ್ ಸ್ಟೀರಿಯೋನೋ, ಹಾಲ್, ಸ್ಟೇಡಿಯಂ ಅಂತ ಏನೋ ಇದ್ದರೆ ತೆಗೆದು 'ಡೈರೆಕ್ಟ್' ಅಥವಾ 'ಪ್ಯೂರ್ ಡೈರೆಕ್ಟ್' ಹಾಕಿ ಕೇಳಿ. ಅನಲಾಗ್ ಇನ್‌ಪುಟ್ ಅನ್ನ ಬಹಳ ರಿಸೀವರ್‌ಗಳು ಮೊದಲು ಡಿಜಿಟಲ್ ಮಾಡಿ, ಸಂಸ್ಕರಿಸಿ, ಮತ್ತೆ ಅನಲಾಗ್ ಮಾಡುತ್ತವೆ. ದನಿ ಚಪ್ಪೆ ಅನ್ನಿಸೋದು ಎಷ್ಟೋ ಸಲ ಇಲ್ಲೇ. ಅದಾದ ಮೇಲೂ ಅಪ್ಪಾಜಿಗೆ ಸಮಾಧಾನ ಆಗದಿದ್ದರೆ ಪ್ರಿಆಂಪ್ ಜೋಡಿಸಿ.

ಪ್ರಶ್ನೆ (ಗಂಗಾವತಿ):
ನೋಡಿದೆ ಸರ್. ಪ್ರಿ ಔಟ್ ಇದೆ. ಆದರೆ ಪ್ರಿಆಂಪ್ ಹಳೇದು, ಬೈಪಾಸ್ ಇಲ್ಲ. ಫೋನೋ, ಸಿಡಿ, ಟ್ಯೂನರ್, ಆಕ್ಸ್ ಅಷ್ಟೇ. ಹೊಸದು ತಗೋಬೇಕಾ?

ಉತ್ತರ:
ಸುಮ್ನೆ ದುಡ್ಡು ಹಾಕಬೇಡಿ, ಆಕ್ಸ್ ಸಾಕು. ಫೋನೋಗೆ ಮಾತ್ರ ಬೇಡ, ಅದು ಕೆಲವೇ ಮಿಲಿವೋಲ್ಟ್ ಬರುವ ಎಲ್‌ಪಿ ಪ್ಲೇಯರ್‌ನ ಸೂಜಿಗಾಗಿ ಮಾಡಿದ್ದು. ಮಾಡಬೇಕಾದ್ದು ಇಷ್ಟು: ಪ್ರಿಆಂಪ್‌ನ ವಾಲ್ಯೂಮ್ ನಾಬ್ ಅನ್ನ ಗಡಿಯಾರದ 11 ಅಥವಾ 12 ಗಂಟೆಯ ಜಾಗಕ್ಕೆ ತಂದು ನಿಲ್ಲಿಸಿ, ಪಕ್ಕದಲ್ಲಿ ಬಿಳಿ ಸ್ಟಿಕ್ಕರ್‌ನ ಸಣ್ಣ ಚುಕ್ಕೆ ಅಂಟಿಸಿ. ಟೋನ್, ಲೌಡ್‌ನೆಸ್ ಆಫ್, ಬ್ಯಾಲೆನ್ಸ್ ಮಧ್ಯಕ್ಕೆ. ಆಮೇಲೆ ರಿಸೀವರ್‌ನ ಮೈಕ್ ಹಾಕಿ ಆಟೋ ಸೆಟಪ್ (ಪ್ರತಿ ಸ್ಪೀಕರ್‌ನ ಸದ್ದು ಅಳೆದು ತಾನೇ ಹೊಂದಿಸುವುದು) ಮತ್ತೆ ಓಡಿಸಿ. ಡೆನಾನ್, ಮರಾಂಟ್ಜ್‌ನಲ್ಲಿ ಅದು ಆಡಿಸ್ಸಿ, ಯಮಾಹಾದಲ್ಲಿ ವೈಪಿಎಒ. ಮುಗಿದ ಮೇಲೆ ಸ್ಪೀಕರ್ ಲೆವೆಲ್ ಪುಟ ತೆಗೆದು ನೋಡಿ. ಫ್ರಂಟ್ ಎರಡಕ್ಕೂ ಮೈನಸ್ 12 ಡಿಬಿ ತೋರಿಸಿದರೆ ಬಹಳ ಸೆಟ್‌ಗಳಲ್ಲಿ ಅದೇ ಕೊನೆ, ಪ್ರಿಆಂಪ್ ಜಾಸ್ತಿ ಆಯ್ತು ಅಂತ ಅರ್ಥ. ನಾಬ್ ಸ್ವಲ್ಪ ಇಳಿಸಿ, ಚುಕ್ಕೆ ಸರಿಸಿ, ಮತ್ತೆ ಓಡಿಸಿ. ಸೊನ್ನೆಯ ಆಸುಪಾಸು ಬಂದರೆ ಮುಗೀತು.

ಇನ್ನು ಮುಂದೆ ಸಿನಿಮಾ ಅಂದ್ರೆ ಆಕ್ಸ್ ಒತ್ತಿ ನಾಬ್ ಚುಕ್ಕೆಗೆ. ಹಾಡು ಅಂದ್ರೆ ನಾಬ್ ಮೊದಲು ಕೆಳಗೆ, ಆಮೇಲೆ ಸಿಡಿ. ಈ ಕ್ರಮ ಮನೆಯವರಿಗೆಲ್ಲ ಹೇಳಿಕೊಡಿ, ಮಕ್ಕಳಿಗೂ. ಆನ್ ಮಾಡುವಾಗ ಪವರ್ ಆಂಪ್ ಕೊನೆಗೆ, ಆಫ್ ಮಾಡುವಾಗ ಅದೇ ಮೊದಲು. ಇಲ್ಲದಿದ್ದರೆ ಸ್ಪೀಕರ್‌ನಲ್ಲಿ ಢಬ್ ಅಂತ ಬಡಿಯುತ್ತದೆ. ರಿಸೀವರ್ ಮೇಲೆ ಪವರ್ ಆಂಪ್ ಹೇರಬೇಡಿ. ನಮ್ಮ ಕಡೆ ಏಪ್ರಿಲ್, ಮೇನಲ್ಲಿ 40 ಡಿಗ್ರಿ ದಾಟುತ್ತದೆ, ಎರಡಕ್ಕೂ ತಲೆ ಮೇಲೆ ಗಾಳಿ ಆಡಬೇಕು.

ಪ್ರಶ್ನೆ (ಸಿಂಧನೂರು):
ಅಣ್ಣ, ನನ್ನದು ಡಿವಿಡಿ, ಆಂಪ್, ಸ್ಪೀಕರ್ ಎಲ್ಲ ಒಂದೇ ಡಬ್ಬದಲ್ಲಿ ಬಂದ ಹೋಮ್ ಥಿಯೇಟರ್. ಪ್ರಿ ಔಟ್ ಇಲ್ಲ. ಸ್ಪೀಕರ್ ಔಟ್‌ನಿಂದ ವೈರ್ ಎಳೆದು ಪ್ರಿಆಂಪ್‌ಗೆ ಕೊಡಲಾ?

ಉತ್ತರ:
ಕೊಡಬೇಡಿ ತಮ್ಮಾ. ಸ್ಪೀಕರ್ ಔಟ್‌ನಲ್ಲಿ ಹತ್ತಿಪ್ಪತ್ತು ವೋಲ್ಟ್ ಬರಬಹುದು, ಪ್ರಿಆಂಪ್ ಕೇಳುವುದು ಒಂದೆರಡು ವೋಲ್ಟ್. ಅಂಥ ಸೆಟ್‌ಗೆ ಪ್ರಿಆಂಪ್ ಸೇರಿಸುವ ಆಸೆ ಬಿಟ್ಟು, ಹಾಡಿಗೆ ಅಂತಲೇ ಬೇರೆ ಒಂದು ಜೋಡಿ ಸಣ್ಣ ಸ್ಪೀಕರ್ ಇಟ್ಟುಕೊಳ್ಳೋದೇ ಮೇಲು.

ಪ್ರಶ್ನೆ (ರಾಯಚೂರು):
ಸರ್, ನೀವು ಹೇಳಿದ ಹಾಗೇ ಬೈಪಾಸ್‌ಗೆ ಜೋಡಿಸಿದ್ದೇನೆ. ಎರಡು ತೊಂದರೆ. ಟವರ್‌ನಲ್ಲಿ ಸಣ್ಣಗೆ ಗುಂಯ್ ಅಂತಿದೆ. ಹಾಡು ಕೇಳುವಾಗ ಸಬ್ ಬರೋದಿಲ್ಲ, ತಬಲಾದ ಬಾಯಾ ತೆಳುವಾಗಿದೆ.

ಉತ್ತರ:
ಸಬ್ ಬರದೇ ಇರೋದು ಸರಿಯೇ ಮೇಡಂ, ಅದರ ವೈರ್ ರಿಸೀವರ್‌ನಲ್ಲಿದೆ ಅಲ್ವಾ. ನಿಮ್ಮ ಸಬ್‌ನಲ್ಲಿ ಎಲ್‌ಎಫ್‌ಇ (ರಿಸೀವರ್‌ನ ಸಬ್ ಸಿಗ್ನಲ್‌ಗೆ ಇರುವ ಇನ್‌ಪುಟ್) ಜೊತೆಗೆ ಹೈ ಲೆವೆಲ್ ಇನ್‌ಪುಟ್ (ಸ್ಪೀಕರ್ ವೈರ್ ಸೇರಿಸುವಂಥದ್ದು) ಕೂಡ ಇದ್ದು, ಎರಡಕ್ಕೂ ಬೇರೆ ಬೇರೆ ವಾಲ್ಯೂಮ್ ಇದ್ದರೆ, ಪವರ್ ಆಂಪ್‌ನ ಸ್ಪೀಕರ್ ಟರ್ಮಿನಲ್‌ನಿಂದ ಅದಕ್ಕೆ ಇನ್ನೊಂದು ವೈರ್ ಕೊಡಬಹುದು. ಪವರ್ ಆಂಪ್ ಕ್ಲಾಸ್ ಡಿ (ಸ್ವಿಚಿಂಗ್ ರೀತಿಯ ಆಂಪ್) ಆಗಿದ್ದರೆ ಮಾತ್ರ ಮೊದಲು ಸಬ್‌ನ ಮ್ಯಾನುಯಲ್ ಓದಿ. ಎರಡು ಇನ್‌ಪುಟ್ ಇಲ್ಲದಿದ್ದರೆ ಟವರ್‌ಗಳನ್ನ ಗೋಡೆಗೆ ಸ್ವಲ್ಪ ಹತ್ತಿರ ಸರಿಸಿ ನೋಡಿ, ಬಾಯಾ ತುಂಬಿಕೊಳ್ಳುತ್ತದೆ.

ಗುಂಯ್ ಅನ್ನೋದು ನಮ್ಮ 50 ಹರ್ಟ್ಸ್ ಕರೆಂಟಿನ ದನಿ. ಗ್ರೌಂಡ್ ಲೂಪ್ (ಸೆಟ್‌ಗಳ ಅರ್ಥ್ ಎರಡು ದಾರಿಯಲ್ಲಿ ಸೇರಿ ಸುತ್ತು ಆಗುವುದು) ಇರಬೇಕು. ಡಿಶ್ ಅಥವಾ ಕೇಬಲ್ ವೈರ್ ಅನ್ನ ಸೆಟ್ ಟಾಪ್ ಬಾಕ್ಸ್‌ನಿಂದ ಬಿಚ್ಚಿ ಕೇಳಿ. ಸದ್ದು ನಿಂತರೆ ಕಳ್ಳ ಸಿಕ್ಕ, ಆ ವೈರ್‌ಗೆ ಸರಿಹೊಂದುವ ಒಂದು ಐಸೋಲೇಟರ್ (ಆ ಸುತ್ತು ಕಡಿಯುವ ಸಣ್ಣ ಸಾಧನ) ಹಾಕಿಸಿ. ನಿಲ್ಲದಿದ್ದರೆ ರಿಸೀವರ್, ಪ್ರಿಆಂಪ್, ಪವರ್ ಆಂಪ್ ಮೂರನ್ನೂ ಒಂದೇ ಬೋರ್ಡ್‌ಗೆ ತನ್ನಿ. ಪ್ಲಗ್‌ನ ಅರ್ಥ್ ಪಿನ್ ಮುರಿದರೆ ಸದ್ದು ಹೋಗುತ್ತದೆ ಅಂತ ಯಾರಾದರೂ ಹೇಳಿದರೆ ಕೇಳಬೇಡಿ, ಸದ್ದು ಹೋಗಬಹುದು, ಆದರೆ ಸೆಟ್‌ನ ಮೈಗೆ ಕರೆಂಟ್ ಬಂದ ದಿನ ಶಾಕ್ ಹೊಡೆಯುವುದು ಮುಟ್ಟಿದವರಿಗೆ. ಡಿಶ್ ವೈರ್ ಬಿಚ್ಚಿ, ಒಂದೇ ಬೋರ್ಡ್‌ಗೆ ತಂದು ನೋಡಿದ ಮೇಲೂ ಸದ್ದು ಇದ್ದರೆ ಮೂರೂ ಸೆಟ್‌ಗಳ ಹಿಂಭಾಗದ ಫೋಟೋ ಇಲ್ಲಿ ಹಾಕಿ, ವೈರ್‌ಗಳು ಕಾಣುವ ಹಾಗೆ.