ಅಪ್ಪ ತಮ್ಮ ಶುಗರ್, ಬಿಪಿ ತಾವೇ ನೋಡಿಕೊಳ್ಳೋ ಹಾಗೆ ಮಾಡೋದು ಹೇಗೆ?

ಪ್ರಶ್ನೆ:
ಅಪ್ಪನಿಗೆ ಹಲವು ವರ್ಷಗಳಿಂದ ಶುಗರ್, ಬಿಪಿ ಎರಡೂ ಇದೆ. ಮಾತ್ರೆ ಎಣಿಸಿ ಕೊಡೋದು, ಬಿಪಿ ನೋಡೋದು, ಬರೆದಿಡೋದು ಎಲ್ಲಾ ನಾನೇ. ನಾನು ಇಲ್ಲದ ದಿನ ಮಾತ್ರೆ ಡಬ್ಬಿಯ ಮುಚ್ಚಳವನ್ನೇ ತೆಗೆದಿರುವುದಿಲ್ಲ. ಕೇಳಿದರೆ ಸಿಟ್ಟು ಬೇರೆ.

ಉತ್ತರ 1:
ಎಲ್ಲಾ ನೀವೇ ಮಾಡಿದರೆ ಅವರಿಗೆ ಏನು ಉಳಿಯಿತು, ಅಲ್ವಾ? ಬಿಪಿ ಮಿಷನ್ ಅವರ ಕೈಗೇ ಕೊಡಿ. ಐದು ನಿಮಿಷ ಸುಮ್ನೆ ಕೂತು, ಬೆನ್ನು ಒರಗಿಸಿ, ಕಾಲು ನೆಲಕ್ಕೆ ಊರಿ, ತೋಳನ್ನು ಎದೆಮಟ್ಟದಲ್ಲಿ ಇಟ್ಟು ಅವರೇ ನೋಡಲಿ, ಅವರೇ ಬರೆಯಲಿ. ಅಕ್ಷರ ಸೊಟ್ಟಗಿದ್ದರೂ ತಿದ್ದಬೇಡಿ.

ಉತ್ತರ 2:
ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಕೇಟ್ ಲೋರಿಗ್ ತಂಡ ದೀರ್ಘಕಾಲದ ಕಾಯಿಲೆ ಇರುವವರಿಗಾಗಿ ರೂಪಿಸಿದ 6 ವಾರದ ತರಬೇತಿಯಲ್ಲಿ ಒಂದು ಉಪಾಯ ಇದೆ. ಈ ವಾರ ಏನು ಮಾಡ್ತೀನಿ ಅಂತ ಕಾಯಿಲೆ ಇರುವವರೇ ಆರಿಸಬೇಕು. ಅದು ಆಗುತ್ತೆ ಅನ್ನೋ ನಂಬಿಕೆಗೆ 10ಕ್ಕೆ ಎಷ್ಟು ಅಂಕ ಅಂತಲೂ ಅವರೇ ಹೇಳಬೇಕು. 7ಕ್ಕಿಂತ ಕಡಿಮೆ ಬಂದರೆ ಬೈಯೋದಲ್ಲ, ಗುರಿಯನ್ನೇ ಚಿಕ್ಕದು ಮಾಡೋದು.

ಉತ್ತರ 3:
ಬರೀ ಹಠ ಅಂದುಕೊಳ್ಳಬೇಡಿ. ಶುಗರ್ ಇರುವವರಲ್ಲಿ ಮನಸ್ಸು ಕುಗ್ಗೋದು ಜಾಸ್ತಿ, ಕಣ್ಣು ಮಂಜಾಗಿ ಚೀಟಿ ಓದಲಾಗದೆಯೂ ಇರಬಹುದು. ಡಾಕ್ಟರ್ ಹತ್ತಿರ ಹೋದಾಗ ನೀವು ಬಾಯಿ ಹಾಕದೆ ಅವರನ್ನೇ ಮಾತಾಡಲು ಬಿಡಿ.

ಪ್ರಶ್ನೆ ಕೇಳಿದವರು:
ಅಂಕ ಕೇಳಿದೆ. ಮಾತ್ರೆಗೆ 8, ವಾಕಿಂಗ್‌ಗೆ 3 ಅಂದರು. ವಾಕಿಂಗ್ ಸದ್ಯಕ್ಕೆ ಬಿಡಲಾ?

ಉತ್ತರ 2:
ಬಿಡಬೇಡಿ, ಎಷ್ಟು ದೂರ ಅಂದರೆ 7 ಕೊಡ್ತೀರಿ ಅಂತ ಕೇಳಿ.